ಕೊನೆಯ ಬೆಂಚಿನ ಟೀಚರ್

ಬಿ.ಎಡ್. ತರಬೇತಿಗೆಂದು ಆಳಂದದಿಂದ ಗುರುತಿಲ್ಲದ ಜೇವರ್ಗಿಯ ಶಾಲೆಗೆ ಹೋದಾಗ, ಅಲ್ಲಿಯ ಸಮಾಜ ವಿಜ್ಞಾನದ ಟೀಚರ್ ಕೊನೆಯ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಿದ್ದರು. ಸೆರಗಿನಿಂದ ಕನ್ನಡಕ ಒರೆಸುತ್ತ, "ಅವಸರ ಏನದರಿ ಸರ?" ಎನ್ನುತ್ತಿದ್ದರು. ನನಗೆ ಅವರದೂ ಸೇರಿ ಎಲ್ಲರ ದನಿ ಅನುಕರಿಸಲು ಬರುತ್ತಿತ್ತು, ಪಾಠ ಮಾಡುವುದೊಂದು ಬರುತ್ತಿರಲಿಲ್ಲ.

ಒಮ್ಮೆ ಹುಡುಗಿಯೊಬ್ಬಳು ತೊದಲುತ್ತ ಉತ್ತರಿಸುವಾಗ, ಚಟಕ್ಕೆ ನಾನೂ ಅವಳಂತೆಯೇ ತೊದಲಿಬಿಟ್ಟೆ. ತರಗತಿ ನಕ್ಕಿತು. ಕುಳಿತವಳು ವಾರವಿಡೀ ಬಾಯಿ ತೆರೆಯಲಿಲ್ಲ.

ಟೀಚರ್ ನನ್ನನ್ನು ಬೈಯಲಿಲ್ಲ. ಸೋಮವಾರ ಅವಳನ್ನೇ ಎಬ್ಬಿಸಿ, "ನಮ್ಮ ಸೊನ್ನ ಊರಾಗ ಯಾವ ಹೊಳಿಗೆ ಬ್ಯಾರೇಜ್ ಕಟ್ಯಾರ, ಹೇಳವ್ವ" ಎಂದು ಕಾಯುತ್ತ ನಿಂತರು. ಗಂಟೆ ಹೊಡೆದರೂ ಕದಲಲಿಲ್ಲ. ಕೊನೆಗೆ, "ಭೀ... ಭೀಮಾ" ಬಂತು.

ಟೀಚರ್ ನನ್ನತ್ತ ತಿರುಗಿದರು. "ಈಗ ನೀವು ಕೇಳ್ರಿ ಸರ, ಅಕಿಗೇ."

ಇನ್ನೊಂದು ಪ್ರಶ್ನೆ ಕೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ ಉತ್ತರ ಶುರುಮಾಡಿದಳು. ನಾನು ತುಟಿ ಅಲುಗಿಸಲಿಲ್ಲ.