ಪಕ್ಕದ್ಮನೆ ಪೋನು

೧೯೯೬ರ ಜೂನ್ ತಿಂಗಳಲ್ಲಿ ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಗೆ ಟೆಲಿಫೋನ್ ಬಂತು. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದುದರಿಂದ ಅರ್ಜಿ ಬೇಗ ಮಂಜೂರಾಗಿತ್ತು. ನಮ್ಮ ಸಾಲಿನಲ್ಲಿ ಬೇರೆ ಯಾರ ಮನೆಯಲ್ಲೂ ಫೋನ್ ಇರಲಿಲ್ಲ. ಸ್ವಲ್ಪ ದಿನಗಳಲ್ಲೇ ಅಕ್ಕಪಕ್ಕದವರ ವಿಸಿಟಿಂಗ್ ಕಾರ್ಡು, ಮದುವೆ ಕಾಗದಗಳಲ್ಲೆಲ್ಲ ನಮ್ಮ ನಂಬರ್ ಸೇರಿಕೊಂಡಿತು. ಅದರ ಮುಂದೆ ‘ಪಿ.ಪಿ.’ ಎಂಬ ಎರಡಕ್ಷರ. ಅದರ ಪೂರ್ಣರೂಪವೇನೆಂದು ಕಚೇರಿಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ನನ್ನ ತಾಯಿಗೆ ಮಾತ್ರ ಅನುಮಾನವೇ ಇರಲಿಲ್ಲ.

“ಪಕ್ಕದ್ಮನೆ ಪೋನು. ಅದ್ರಲ್ಲಿ ಕೇಳೋದೇನಿದೆ?”

ತಾಯಿ ನಿವೃತ್ತ ಶಿಕ್ಷಕಿ. ಬೀದಿಗೆಲ್ಲ ಟೀಚರಮ್ಮ. ಫೋನಿನ ವಿಷಯದಲ್ಲಿ ಅವರದೊಂದು ಕ್ರಮವಿತ್ತು. ಯಾರಿಗೆ ಕರೆ ಬಂದಿದೆಯೋ ಅವರನ್ನು ಕರೆತಂದು, ರಿಸೀವರ್ ಕೈಗೆ ಕೊಟ್ಟು, ತಾವು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಮಾತನ್ನು ಕೇಳಿಸಿಕೊಳ್ಳುವಂತಿಲ್ಲ.

ಶುಕ್ರವಾರಗಳಂದು ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಒಮ್ಮೆ, ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಪ್ರಸಂಗ ಬಂತು.

“ಆ ನಾಲ್ಕು ಜನ ಒಂದು ಮಾತೂ ಆಡಲ್ಲ ನೋಡಿ,” ಎಂದರು ತಾಯಿ. “ಹಗ್ಗ ಇಳಿಸ್ತಾರೆ, ಸುಮ್ನಾಗ್ತಾರೆ. ಅವ್ರೇ ಪಿ.ಪಿ.”

ಸಭಾಪಾಲಕರು ನಕ್ಕರು. “ದೇವರ ಹತ್ರ ನಮಗೆಲ್ಲ ನೇರ ಲೈನೇ ಇದೆಯಲ್ಲ ಟೀಚರಮ್ಮ.”

“ದೇವರ ಹತ್ರ ಇದೆ ಅಯ್ಯನವರೇ. ಅಣ್ಣ ತಮ್ಮಂದಿರ ಮಧ್ಯೆ ಇಲ್ವಲ್ಲ.”

ಹಗ್ಗದ ಪ್ರಸ್ತಾಪ ಅಲ್ಲಿ ಇದೆಯೇ ಎಂದು ಆಮೇಲೆ ಬೈಬಲ್ ತೆಗೆದು ನೋಡಿದೆ. ಇರಲಿಲ್ಲ. ಅಣ್ಣ ತಮ್ಮಂದಿರು ಯಾರೆಂಬುದು ಮಾತ್ರ ನನಗೆ ಗೊತ್ತಿತ್ತು.

ಪಕ್ಕದ ಮನೆಯವರು ಬಟ್ಟೆ ಅಂಗಡಿ ಇಟ್ಟಿದ್ದರು. ಹಣೆಗೆ ವಿಭೂತಿ ಇಲ್ಲದೆ ಮನೆಯಿಂದ ಹೊರಬೀಳುತ್ತಿರಲಿಲ್ಲ. ಊರು ನಂಜನಗೂಡಿನ ಕಡೆ. ನಮಗೆ ಫೋನ್ ಬರುವ ಮುಂಚೆ ಅಲ್ಲಿ ಅವರ ತಾಯಿ ತೀರಿಕೊಂಡಾಗ, ಅಣ್ಣ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಸುದ್ದಿ ಹೇಳಿ ಕಳಿಸಿದ್ದರು. ಕಂಡಕ್ಟರ್ ಮರೆತು, ಮಾರನೆಯ ದಿನ ಬಂದು ಹೇಳಿದ. ತಮ್ಮನಾದ ಇವರು ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಅಲ್ಲಿಂದೀಚೆಗೆ ಅಣ್ಣನೊಂದಿಗೆ ಮಾತಿಲ್ಲ.

೧೯೯೯ರ ಒಂದು ಭಾನುವಾರ, ನಾವು ಚರ್ಚಿನಿಂದ ಬಂದು ಬಾಗಿಲು ತೆಗೆಯುತ್ತಿದ್ದಂತೆ ಫೋನ್ ಹೊಡೆದುಕೊಳ್ಳತೊಡಗಿತು. ತಾಯಿ ಎತ್ತಿಕೊಂಡರು. ನನಗೆ ಕೇಳಿಸಿದ್ದು ಅವರ ಮಾತಷ್ಟೇ.

“ಅವರ ಅಣ್ಣನಾ? ಎಲ್ಲಿ, ಇಲ್ಲೇ ದಟ್ಟಗಳ್ಳೀಲಾ? ಮನೆ ಕಟ್ಟಿಸಿದ್ದು ಸಂತೋಷ ಕಣಪ್ಪಾ... ಇಲ್ಲ, ನಾನು ಹೇಳಲ್ಲ. ಕರೀತೀನಿ, ನೀವೇ ಹೇಳಿ. ಕಾಯಿನ್ ಬಾಕ್ಸಾ? ಇನ್ನೊಂದು ರೂಪಾಯಿ ಹಾಕ್ಕೊಂಡು ನಿಂತಿರಿ.”

ಕಾಂಪೌಂಡ್ ಗೋಡೆಯ ಆಚೆ ಪಕ್ಕದ ಮನೆಯವರು ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದರು. ಒಂದು ಕೆನ್ನೆಯ ತುಂಬ ನೊರೆ.

“ನಿಮ್ಮಣ್ಣ ಲೈನಲ್ಲಿದಾರೆ, ಬನ್ನಿ.”

ಕೈಯಲ್ಲಿದ್ದ ರೇಜರ್ ನಿಂತಿತು. “ಇಲ್ಲ ಅಂತ ಹೇಳ್ಬುಡಿ ಟೀಚರಮ್ಮ.”

“ಕಣ್ಣೆದುರಿಗೇ ಇದೀರಲ್ಲ!”

“ಏನಂತೆ ಕೇಳ್ಕಂಡು ನೀವೇ ಬಂದು ಹೇಳ್ಬುಡಿ, ಅತ್ಲಾಗೆ.”

“ನಿಮ್ಮ ತಾಯಿ ವಿಷ್ಯ ಕಂಡಕ್ಟ್ರು ಬಾಯಲ್ಲಿ ಬಂತು ಅಂತ ತಾನೇ ಇಷ್ಟು ವರ್ಷದ ಸಿಟ್ಟು? ಈಗ ನಾನೂ ಕಂಡಕ್ಟ್ರಾಗ್ಲಾ?”

ಅವರು ರೇಜರನ್ನು ಕಿಟಕಿಯಲ್ಲಿಟ್ಟರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಅರ್ಧ ಗಡ್ಡದಲ್ಲೇ ಹೋಗ್ರೀ, ಪೋನಲ್ಲಿ ಕಾಣ್ಸಲ್ಲ.”

ಅವರು ಬಂದರು. ತಾಯಿ ರಿಸೀವರ್ ಕೈಗಿತ್ತು, ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಅಲ್ಲಿಗೂ ಒಂದು ಮಾತು ಕೇಳಿಸಿತು: “ಅವ್ವನ ಮುಖ ನೋಡಕ್ಕೂ ಆಗ್ಲಿಲ್ವಲ್ಲಣ್ಣ ನಂಗೆ.” ಆ ಕಡೆಯಿಂದ ಏನು ಉತ್ತರ ಬಂತೋ ಗೊತ್ತಿಲ್ಲ. ಇವರು “ಹ್ಞೂಂ” ಎಂದರು. ಮತ್ತೊಮ್ಮೆ “ಹ್ಞೂಂ”.

ನಾವು ಹೊರಗೆ ಬಂದಾಗ ರಿಸೀವರ್ ತುಂಬ ಸೋಪಿನ ನೊರೆ. ತಾಯಿ ಅದನ್ನು ಸೆರಗಿನಿಂದ ಒರೆಸಿದರು.

“ಗೃಹಪ್ರವೇಶವಂತೆ,” ಎಂದರು ಪಕ್ಕದ ಮನೆಯವರು. “ಮನೆಗೆ ಬಂದು ಕುಂಕುಮ ಕೊಟ್ಟು ಕರೀತಾನಂತೆ.”

“ಹೋಗ್ತೀರಾ?”

“ಬರ್ಲಿ ಮೊದ್ಲು.”

ಸುದ್ದಿ ಮುಟ್ಟಿಸುವುದು ನನ್ನ ವೃತ್ತಿ. ಸುದ್ದಿ ಮುಟ್ಟಿದರೆ ಕೆಲಸ ಮುಗಿಯಿತೆಂದೇ ಅಲ್ಲಿಯವರೆಗೆ ಭಾವಿಸಿದ್ದೆ. ಅಣ್ಣ ಹೇಳಿದ್ದನ್ನು ತಾಯಿ ಗೋಡೆಯಾಚೆಗೆ ಒಂದೇ ವಾಕ್ಯದಲ್ಲಿ ಮುಟ್ಟಿಸಬಹುದಿತ್ತು. ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ, ಆದರೆ ಅವ್ವನ ಮುಖದ ಮಾತು ಹೊರಬೀಳುತ್ತಿರಲಿಲ್ಲ. ಕ್ರಿಸ್ತನು ಮಧ್ಯಸ್ಥ ಎಂಬುದನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ಆ ಪದಕ್ಕೆ, ಎರಡು ಕಡೆಯ ಮಾತನ್ನು ಹೊತ್ತು ಓಡಾಡುವವನು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ದೂರ ನಿಂತವರನ್ನು ಎದುರುಬದುರು ತಂದು ನಿಲ್ಲಿಸುವವನು ಎಂಬ ಅರ್ಥ ಹೊಳೆದದ್ದು ಆ ಭಾನುವಾರ. ತಾಯಿಗೆ ಇದನ್ನು ಹೇಳಿದಾಗ, “ಮೊದ್ಲು ಊಟಕ್ಕೆ ಏಳು,” ಎಂದರು.

ಮುಂದಿನ ವಾರ ಅಣ್ಣ ಮನೆಗೇ ಬಂದು ಕರೆದರು. ಪಕ್ಕದ ಮನೆಯವರು ಸಂಸಾರ ಸಮೇತ ದಟ್ಟಗಳ್ಳಿಗೆ ಹೋಗಿ ಊಟ ಮಾಡಿ ಬಂದರು. ಅತ್ತಿಗೆ ಮಾತಾಡಿಸಲಿಲ್ಲವೆಂದು ಅವರ ಹೆಂಡತಿ ತಾಯಿಯ ಬಳಿ ಹೇಳಿಕೊಂಡರು.

೨೦೦೪ರಲ್ಲಿ ಪಕ್ಕದ ಮನೆಯವರು ಶ್ರೀರಾಂಪುರದಲ್ಲಿ ಸೈಟು ತೆಗೆದುಕೊಂಡರು. ಗುದ್ದಲಿ ಪೂಜೆಗೆ ನಾವೂ ಹೋಗಿದ್ದೆವು. ಅಣ್ಣ ಬಂದು ತಮ್ಮನ ಪಕ್ಕದಲ್ಲೇ ನಿಂತಿದ್ದರು. ಅಣ್ಣನ ಹೆಂಡತಿ ಬಂದಿರಲಿಲ್ಲ.