ಕುಂಕುಮ ಹಚ್ಚಿದ ಬ್ಯಾಟರಿ

ಆ ಗುಂಡಿಯ ಸದ್ದು ಈಗಲೂ ನನ್ನ ಹೆಬ್ಬೆರಳಿನಲ್ಲಿದೆ. ಒತ್ತಿದಾಗ ಟಿಕ್ ಎನ್ನುತ್ತಿತ್ತು. ಅಷ್ಟೇ.

ಯುದ್ಧದ ದಿನಗಳು. ಪುಣೆಯ ರವಿವಾರ ಪೇಟೆಯಲ್ಲಿ ನನ್ನ ಸೋದರಮಾವನದು ರೇಷ್ಮೆ ಸೀರೆಗಳ ಅಂಗಡಿ. ಅದರ ಮೇಲಿನ ಅಂತಸ್ತಿನಲ್ಲಿ ಮನೆ. ಬಿ.ಎಸ್ಸಿ. ಮುಗಿಸಿದ ನಾನು ಅಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದೆ. ನಮ್ಮ ಓಣಿಯಲ್ಲಿ ಎರಡು ಅಂಗಡಿಗಳ ಬೀಗ ಮುರಿದ ಮೇಲೆ ಮಾವ, ಜರಿ ಸೀರೆ ಇಡುವ ತಿಜೋರಿ ಕೋಣೆಗೆ ಕಳ್ಳರ ಗಂಟೆ ಕೂಡಿಸು ಎಂದರು.

"ಇಷ್ಟ ಓದೀದಿ. ಒಂದ್ ಗಂಟಿ ಹೊಡ್ಕೊಳ್ಳೂ ಹಂಗ ಮಾಡು, ಸಾಕು."

ಎಂಟು ದಿನ ಕೂತು ನಕ್ಷೆ ಬರೆದೆ. ಕಬ್ಬಿಣದ ಬಾಗಿಲು ತೆರೆದರೆ ಬೀದಿಯ ಕಡೆಗಿನ ಗಂಟೆ ಹೊಡೆದುಕೊಳ್ಳಬೇಕು. ಆದರೆ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿಯೇ ಹೋಗುವುದು ಮಾವನ ವಾಡಿಕೆ, ಬೆಂಕಿಯ ಭಯ. ಹಾಗಾಗಿ ಕರೆಂಟು ನಿಂತ ಕೂಡಲೇ ಗಂಟೆ ಬ್ಯಾಟರಿಯಿಂದ ನಡೆಯುವಂತೆ ವೈರಿಂಗ್ ಮಾಡಿದೆ. ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಮೋಟಾರು ರಿಪೇರಿಯವನ ಬಳಿ ಹಳೆಯ ಬ್ಯಾಟರಿ ಒಂದೇ ಒಂದು ಸಿಕ್ಕಿತು. ಕೋಣೆಯೊಳಗಿಟ್ಟರೆ ಆಸಿಡ್ಡಿನ ಹಬೆಗೆ ಜರಿ ಕಪ್ಪಾದೀತೆಂದು ಅದನ್ನು ಮಾವನ ಗಾದಿಯ ಹಿಂದಿನ ಗೂಡಿನಲ್ಲಿಟ್ಟೆ. ಒಳಗೆ ಯಾರಾದರೂ ಸಿಕ್ಕಿಕೊಂಡರೆ ಒತ್ತಲು ಒಂದು ಗುಂಡಿಯನ್ನೂ ಕೂಡಿಸಿದೆ. ವ್ಯಾಪಾರದ ಹೊತ್ತಿನಲ್ಲಿ ಬಾಗಿಲಿನ ತಂತಿ ಬಿಡಿಸಿಟ್ಟರೂ ಗುಂಡಿಯ ತಂತಿ ಸದಾ ಜೋಡಿಸಿಯೇ ಇರುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಖಂಡೇನವಮಿಗೆ ಅಂಗಡಿಯ ಸಲಕರಣೆಗಳಿಗೆಲ್ಲ ಪೂಜೆ. ಗಜಕೋಲು, ಕತ್ತರಿ, ತಿಜೋರಿಯ ಬಾಗಿಲು ಮುಚ್ಚದಂತೆ ಹೊಸ್ತಿಲಿಗೆ ಅಡ್ಡ ಇಡುತ್ತಿದ್ದ ಕಬ್ಬಿಣದ ಸಲಾಕಿ, ಎಲ್ಲ ಮಣೆಯ ಮೇಲೆ ಸಾಲಾಗಿದ್ದವು. ನಡುವೆ ನನ್ನ ಬ್ಯಾಟರಿ, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಏರಿಸಿಕೊಂಡು ಕೂತಿತ್ತು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅದು ಅವುಗಳ ಬಿಡುವಿನ ದಿನ. ನಾನು ನೋಡಿದೆ, ನಕ್ಕೆ, ಕೈ ಮುಗಿದೆ. ಗೂಡಿನಲ್ಲಿ ವೈರಿನ ತುದಿಗಳು ಬರಿದೇ ನೇತಾಡುತ್ತಿರಬೇಕು ಎಂದು ಹೊಳೆಯಿತು. ಹಗಲಲ್ಲವೇ, ಕರೆಂಟಿದೆಯಲ್ಲ ಎಂದುಕೊಂಡೆ.

ಮಧ್ಯಾಹ್ನ ಬಂದವರಿಗೆಲ್ಲ ಪಾನಸುಪಾರಿಯಾದ ಮೇಲೆ ಬೆಳ್ಳಿಯ ತಬಕುಗಳನ್ನು ಒಳಗಿಡಲು ನಾನೂ ಅಂಗಡಿಯ ಗುಮಾಸ್ತರೂ ತಿಜೋರಿ ಕೋಣೆಗೆ ಹೋದೆವು. ಅವರು ಧಾರವಾಡದ ಕಡೆಯವರು, ಮಾವನಿಗಿಂತ ಹಿರಿಯರು, ಉಬ್ಬಸದವರು. ಸಲಾಕಿ ಇಲ್ಲದ್ದರಿಂದ ಬಾಗಿಲಿಗೆ ಬಟ್ಟೆಯ ಗಂಟೊಂದನ್ನು ಆನಿಸಿದ್ದರು. ಚೌಕಟ್ಟಿನಲ್ಲಿ ವೈರು ಸಡಿಲಾದದ್ದು ಕಂಡು, ಬಗ್ಗಿ ನೋಡಲು ನಾನು ಆ ಗಂಟನ್ನು ಕಾಲಿನಿಂದ ಸರಿಸಿದೆ. ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡು ಚಿಲಕ ಬಿತ್ತು. ಅದು ಹೊರಗಿನಿಂದ ಮಾತ್ರ ತೆರೆಯುವಂಥದು. ಗುಂಡಿಯ ಕಡೆ ಕೈ ಚಾಚುವಷ್ಟರಲ್ಲಿ ದೀಪ ಆರಿತು. ನಾವು ಹಿಂದಿನ ಮೆಟ್ಟಿಲಿನಿಂದ ಊಟಕ್ಕೆ ಹೋದೆವೆಂದು ತಿಳಿದು ಮಾವ ಮೇನ್ ಸ್ವಿಚ್ ಆರಿಸಿ, ಅಂಗಡಿ ಮುಚ್ಚಿ ಮೇಲೆ ಹೋಗಿದ್ದರು.

"ಒತ್ತರಿ, ಬಿ.ಎಸ್ಸಿ. ರಾಯರ," ಎಂದರು ಗುಮಾಸ್ತರು ಕತ್ತಲಲ್ಲಿ. "ನಿಮ್ಮ ವಿದ್ಯಾ ಎಷ್ಟ ಗಟ್ಟಿ ಅದ ನೋಡೋಣು."

ಒತ್ತಿದೆ. ಟಿಕ್.

"ಹೊಡ್ಕೊಂಡಿತೇನು?"

"ಹೊರಗ ಹೊಡ್ಕೋತದರಿ ಕಾಕಾ. ಗ್ವಾಡಿ ದಪ್ಪ ಅದ, ನಮಗ ಕೇಳೂದಿಲ್ಲ."

"ಹೌದ್ಹೌದು. ಬ್ಯಾಟರಿ ಅದ ಅಲ್ಲ."

"ಅದರಿ."

ಕೂಗಿದೆವು, ಬಾಗಿಲು ಗುದ್ದಿದೆವು. ಕೋಣೆಯ ತುಂಬ, ಸೀರೆಗೆ ಹುಳ ಹಿಡಿಯದಂತೆ ಇಟ್ಟ ಡಾಂಬರ್ ಗುಳಿಗೆಯ ವಾಸನೆ. ಅದು ಅವರ ಎದೆಗೆ ಹತ್ತಿತು. ಸಿಳ್ಳೆಯಂತೆ ಶುರುವಾದ ಉಸಿರು ಗರಗಸದಂತಾಯಿತು. ಬಾಗಿಲ ಕೆಳಗೆ ಬೆರಳೂ ತೂರದಷ್ಟು ಸಣ್ಣ ಸಂದಿ ಇತ್ತು. ಅವರ ಮೂಗು ಅಲ್ಲಿಗೆ ಬರುವಂತೆ ಮಲಗಿಸಿದೆ.

"ಒತ್ತಕೋತ ಇರ್ರಿ," ಎಂದರು, ನಾಲ್ಕು ಸಲ ತಡೆದು. "ಆ ಟಿಕ್ ಕೇಳಿದ್ರ ಭಾಳ ಛಲೋ ಅನಸ್ತದ."

ಒತ್ತುತ್ತಲೇ ಇದ್ದೆ. ಹೊಡೆದುಕೊಳ್ಳದೆಂದು ಗೊತ್ತಿದ್ದ ಗಂಟೆಗಾಗಿ. ಎರಡು ಟಿಕ್‌ಗಳ ನಡುವೆ ಉಸಿರು ಕೇಳಿಸಿದರೆ ಮತ್ತೆ ಒತ್ತುವುದು. ಒಮ್ಮೆ ಕೇಳಿಸಲಿಲ್ಲ. ಕತ್ತಲಲ್ಲಿ ಅವರ ಬೆನ್ನು ಹುಡುಕಿ ಕೈಯಿಟ್ಟೆ. ಬಹಳ ಹೊತ್ತಿನ ಮೇಲೆ ಅದು ಏರಿತು. ಆ ಬಹಳ ಹೊತ್ತಿನಿಂದ ನಾನಿನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಖಂಡೇನವಮಿಯ ಊಟಕ್ಕೆ ನಮ್ಮಲ್ಲಿ ಮೊದಲ ಎಲೆ ಅಂಗಡಿಯ ಹಿರಿಯ ನೌಕರನದು. ಆ ಎಲೆಗೆ ಬಡಿಸದೆ ಯಾರಿಗೂ ಬಡಿಸುವುದಿಲ್ಲವೆಂದು ಮಾಮಿ ಹಟ ಹಿಡಿದಿದ್ದರಂತೆ. ಹಸಿದ ಮಾವ ಗೊಣಗುತ್ತ ಗುಮಾಸ್ತರನ್ನು ಹುಡುಕಿಕೊಂಡು ಕೆಳಗಿಳಿದು ಬಂದರು. ನನ್ನ ಗುದ್ದು ಅವರಿಗೆ ಕೇಳಿಸಿದ್ದು ಅಂಗಡಿಯ ಬಾಗಿಲು ತೆಗೆದ ಮೇಲೆಯೇ.

ಸಂಜೆ ಗುಮಾಸ್ತರು ಗೋಡೆಗೊರಗಿ ಬಿಸಿನೀರು ಕುಡಿಯುತ್ತಿದ್ದರು. ನಾನು ಹತ್ತಿರ ಕೂತೆ.

"ಕಾಕಾ, ಸುಳ್ಳ ಹೇಳಿದ್ನಿರಿ. ಬ್ಯಾಟರಿ ಇದ್ದಿದ್ದಿಲ್ಲ. ನನಗ ಗೊತ್ತಿತ್ತು."

"ನನಗೂ ಗೊತ್ತಿತ್ತೋ. ವೈರ್ ಬಿಚ್ಚಿ ಪೂಜಾಕ್ಕ ಇಟ್ಟಾಂವ ನಾನ."

"ಮತ್ತ ಒತ್ತು ಅಂದ್ರಲ್ಲ?"

"ಕತ್ತಲದಾಗ ನಿನ್ನ ಕೈ ಖಾಲಿ ಇತ್ತು. ಅದಕ್ಕ ಏನರ ಒಂದ್ ಕೆಲಸ ಬೇಕಿತ್ತು."

ನಕ್ಷೆಯನ್ನು ಮತ್ತೆ ಬರೆದೆ. ಬ್ಯಾಟರಿಯನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ಕೋಣೆಯೊಳಗೇ ಇಟ್ಟು, ಹಬೆ ಹೋಗಲು ಗೋಡೆಗೆ ಕೊಳವೆ ಹಾಕಿಸಿದೆ. ಕೊಳವೆಯ ಸುತ್ತಲಿನ ತೂತಿನಿಂದ ಕೋಣೆಗೆ ಗಾಳಿಯೂ ಬರುತ್ತಿತ್ತು. ಮರುವರ್ಷ ಮಾವ ಕುಂಕುಮದ ಭರಣಿ ಹಿಡಿದು ಬಂದಾಗ ಮುಚ್ಚಳ ತೆಗೆದು, ವೈರು ಬಿಚ್ಚದೆ ಅಲ್ಲೇ ಹಚ್ಚಿರಿ ಎಂದೆ. ಹಚ್ಚಿದರು. ಗುಮಾಸ್ತರು ಒಳಗೆ ಬರಲಿಲ್ಲ. ಒಂದು ಕಾಲನ್ನು ಹೊಸ್ತಿಲ ಮೇಲಿಟ್ಟು ಬಾಗಿಲಿಗೆ ಅಡ್ಡ ನಿಂತಿದ್ದರು.

"ಒತ್ತು," ಎಂದರು.

ಗಂಟೆ ಓಣಿಯೆಲ್ಲ ಕೇಳುವಂತೆ ಹೊಡೆದುಕೊಂಡಿತು. ಅವರು ಕಾಲು ತೆಗೆಯಲಿಲ್ಲ.