ಕೊಡಪಾನದ ನೀರು ಮತ್ತು ಅಕ್ಕನ ಹವಳ

ಕಳೆದ ಭಾನುವಾರ ಕಟಪಾಡಿಯ ಅಕ್ಕನ ಮನೆಗೆ ಹೋದಾಗ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಉಂಗುರ ಕಂಡಿತು. ಚಿನ್ನದ್ದಲ್ಲ, ಸವೆದು ತೆಳ್ಳಗಾದ ತಾಮ್ರದ್ದು. ಆದರೂ ಅದನ್ನು ಕಂಡು ಬೆಚ್ಚಿಬಿದ್ದೆ. ಏಕೆಂದರೆ ಅದು ಅಕ್ಕನ ಅತ್ತೆಯ ಬೆರಳು ಬಿಟ್ಟು ಕದಲಿದ್ದನ್ನು ನಾನು ನೋಡಿದವನಲ್ಲ. ಎಲ್ಲೂರಿನ ದೇವರ ಎದುರಿಗೆ ಇಟ್ಟು ಪೂಜೆ ಮಾಡಿಸಿ ಹಾಕಿಕೊಂಡ ಉಂಗುರ ಅದು. ಒಮ್ಮೆ ಜಾರಿ ಬಿದ್ದು ಕೈಯ ಎಕ್ಸ್‌ರೇ ತೆಗೆಸುವಾಗಲೂ ಬಿಚ್ಚಲು ಒಪ್ಪದೆ, ಉಂಗುರದ ಸಮೇತವೇ ಮೂಳೆಯ ಫೋಟೋ ಹಿಡಿಸಿಕೊಂಡು ಬಂದ ಗಟ್ಟಿಗಿತ್ತಿ ಆಕೆ. ಅಂಥ ಉಂಗುರ ಕಿಟಕಿಯಲ್ಲಿ ಏಕೆ ಬಿದ್ದಿದೆ ಎಂದು ಕೇಳುವ ಮೊದಲೇ ಅದರ ಪಕ್ಕದ ಗಾಜಿನ ಪೆಟ್ಟಿಗೆಯ ಕಡೆಗೆ ಕಣ್ಣು ಹೋಯಿತು. ಕೇಳುವುದು ಬಿಟ್ಟು ಸುಮ್ಮನೆ ಕುರ್ಚಿ ಎಳೆದು ಕುಳಿತೆ.

ಆ ಪೆಟ್ಟಿಗೆಯೇ ಅಕ್ಕನ ಕಡಲು. ದೊಡ್ಡ ಹೋಟೆಲುಗಳ ಮುಂಭಾಗದಲ್ಲಿ ಇರುವ ಗಾಜಿನ ಗೋಡೆಯನ್ನು ನೀವು ಕಲ್ಪಿಸಿಕೊಳ್ಳಬೇಡಿ. ಬೇಕರಿಯವರು ಖಾರಕಡ್ಡಿ ತುಂಬಿಡುವ ಡಬ್ಬದಷ್ಟೇ ಇದರ ಗಾತ್ರ. ಒಳಗೆ ಉಪ್ಪುನೀರು, ತೂತುತೂತಿನ ಕಲ್ಲು, ಕಲ್ಲಿನ ಮೇಲೆ ಗುಂಡಿಯಷ್ಟಗಲದ ಹಸಿರು ಹವಳದ ಹೂಗಳು, ಬೆರಳುಗಳಂತೆ ಆಡುವ ಇನ್ನೊಂದು ಮೆದು ಹವಳ, ಕಿತ್ತಳೆ ಬಣ್ಣದ ಎರಡು ಪುಟ್ಟ ಮೀನು, ಕೆಂಪು ಪಟ್ಟೆಯ ಒಂದು ಸಿಗಡಿ. ಹವಳ ಎಂದರೆ ಸರಕ್ಕೆ ಪೋಣಿಸುವ ಮಣಿ ಎಂದಷ್ಟೇ ತಿಳಿದಿದ್ದ ನನಗೆ, ಅದು ಬದುಕಿರುವ ಪ್ರಾಣಿ, ಬೆಳಕು ಬಂದಾಗ ಅರಳುತ್ತದೆ, ಸಿಟ್ಟು ಬಂದರೆ ಮುದುಡುತ್ತದೆ ಎಂದು ಕಲಿಸಿದವಳು ಅಕ್ಕ.

ಅಕ್ಕ ಮಣಿಪಾಲದ ಒಂದು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದಳು. ಲ್ಯಾಬು ಬದಲಾಗುವಾಗ ಈ ಟ್ಯಾಂಕ್ ಯಾರಿಗೂ ಬೇಡವಾಗಿ ಮೂಲೆ ಸೇರಿತ್ತು. ಕೇಳಿ ತೆಗೆದುಕೊಂಡಳು. ಹವಳದ ಕಲ್ಲುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಗಾಜಿನ ಪೆಟ್ಟಿಗೆಯನ್ನು ಮಡಿಲಲ್ಲಿ ಹಿಡಿದು, ಉಡುಪಿಯಲ್ಲಿ ಬಸ್ಸು ಬದಲಿಸಿ ಕಟಪಾಡಿಗೆ ಬಂದಿಳಿದಳು. ಬಸ್ಸಿನ ಕಂಡಕ್ಟರ್ ಅದನ್ನು ಡಿಕ್ಕಿಯಲ್ಲಿ ಹಾಕಿ ಎಂದಾಗ, "ಇದು ಉಸಿರಾಡ್ತದೆ ಮಾರಾಯ್ರೆ" ಎಂದಳಂತೆ. ಕಂಡಕ್ಟರ್ ಹೆದರಿ ಎದುರಿನ ಸೀಟನ್ನೇ ಬಿಡಿಸಿಕೊಟ್ಟನಂತೆ.

ಮನೆಗೆ ತಂದದ್ದಕ್ಕೆ ಅತ್ತೆ ಕೊಟ್ಟ ಸ್ವಾಗತ ಮಾತ್ರ ಬೇರೆ. ಭಾವ ಮಸ್ಕತ್‌ನಲ್ಲಿರುವುದರಿಂದ ಆ ಮನೆಯಲ್ಲಿ ಇರುವುದು ಅತ್ತೆ, ಸೊಸೆ ಇಬ್ಬರೇ. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುವುದು. "ಮಟ್ಟುವಿನ ಕಡಲು ಇಲ್ಲೇ ಬೊಬ್ಬೆ ಹೊಡೀತಾ ಉಂಟು. ಮನೆಯೊಳಗೆ ಇನ್ನೊಂದು ಎಂತಕ್ಕೆ? ಸಿಗಡಿಯನ್ನು ಸಾರು ಮಾಡುವುದು ಬಿಟ್ಟು ಸಾಕುವುದಾ?" ಎಂದರು. ಚಾವಡಿಯಲ್ಲಿ ಜಾಗ ಸಿಗಲಿಲ್ಲ. ಟ್ಯಾಂಕು ಅಡುಗೆಮನೆಯ ಕಿಟಕಿ ಸೇರಿತು. ಪಾತ್ರೆ, ಮಂಚ, ಮಲ್ಲಿಗೆ ಗಿಡ, ದೇವರ ಕೋಣೆಯ ಬೀಗ, ಎಲ್ಲವೂ ಅತ್ತೆಯವೇ ಆಗಿದ್ದ ಆ ಮನೆಯಲ್ಲಿ ಅಕ್ಕನದ್ದು ಎಂದು ಇದ್ದದ್ದು ಆ ಡಬ್ಬವೊಂದೇ. ಇದನ್ನು ಅಕ್ಕ ಬಾಯಿಬಿಟ್ಟು ಹೇಳಿದವಳಲ್ಲ. ಅವಳು ಅದರ ಗಾಜು ಒರೆಸುವ ರೀತಿ ನೋಡಿದರೆ ಯಾರಿಗೂ ತಿಳಿಯುತ್ತಿತ್ತು.

ಈ ಕಿಟಕಿಯ ಕೆಳಗೆ, ಕಲ್ಲಿನ ಹಾಸಿನ ಮೇಲೆ, ಅತ್ತೆಯ ತಾಮ್ರದ ಕೊಡಪಾನ. ದಿನಾ ಬೆಳಿಗ್ಗೆ ಹುಣಸೆಹುಳಿ ಹಾಕಿ ತಿಕ್ಕಿ, ಬಾವಿಯ ಮೊದಲ ನೀರನ್ನು ಅದರಲ್ಲಿ ತುಂಬಿಡುವುದು ಅವರ ಕ್ರಮ. ಆ ನೀರು ದೇವರಿಗೆ, ಆಮೇಲೆ ಬಂದ ನೆಂಟರಿಗೆ. ನಾನು ಹೋದಾಗಲೆಲ್ಲ ಬೆಲ್ಲದ ತುಂಡಿನ ಜೊತೆ ಅದರದ್ದೇ ಒಂದು ಲೋಟ ಸಿಗುತ್ತಿತ್ತು. ಮನೆಯವರಿಗೆ ಸ್ಟೀಲಿನ ಡ್ರಮ್ಮಿನ ನೀರು. ಅಕ್ಕ ಮನೆಯವಳಲ್ಲವೇ, ಅವಳಿಗೂ ಡ್ರಮ್ಮಿನದ್ದೇ. ಇದರಲ್ಲಿ ತಪ್ಪು ಹುಡುಕುವ ಹಾಗೂ ಇರಲಿಲ್ಲ ನೋಡಿ.

ಒಂದು ಬೇಸಿಗೆಯಲ್ಲಿ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತಬಾರದು, ಚಿಂತೆ ಮಾಡಬಾರದು ಎಂದರು ಡಾಕ್ಟರು. ವಿಶ್ರಾಂತಿಗೆಂದು ಕಾರ್ಕಳದ ನಮ್ಮ ಮನೆಗೆ ಬಂದಳು. ಅವಳನ್ನು ನೋಡಿಕೊಳ್ಳಲು ನನ್ನ ಹೆಂಡತಿ ಇದ್ದಳು. ಅತ್ತೆಯ ಜೊತೆಗೆ ಒಬ್ಬರು ಬೇಕಲ್ಲ ಎಂದು ನಾನು ಕಟಪಾಡಿಗೆ ರವಾನೆಯಾದೆ. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಕಟಪಾಡಿಯಿಂದ ಅಲ್ಲಿಗೆ ಬಸ್ಸೂ ಹತ್ತಿರವಾಯಿತು. ಹೊರಡುವಾಗ ಅಕ್ಕ ಮಲಗಿದಲ್ಲಿಂದಲೇ ಪಾಠ ಮಾಡಿದಳು: "ಸೆಕೆಗೆ ನೀರು ಆರ್ತದೆ, ಉಪ್ಪು ಆರುವುದಿಲ್ಲ. ಗಾಜಿನ ಮೇಲೆ ಕೆಂಪು ನೈಲ್ ಪಾಲಿಶಿನ ಗೆರೆ ಉಂಟು. ಅದಕ್ಕಿಂತ ಕೆಳಗೆ ಹೋದರೆ ಸಪ್ಪೆ ನೀರು ಹಾಕು. ಬಾವಿಯದ್ದು ಬೇಡ, ಅಂಗಡಿಯಿಂದ ತರುವ ಕ್ಯಾನಿನದ್ದು ಮಾತ್ರ. ನೆನಪಿರ್ತದಾ?"

"ನಾನೆಂತ ಮಗುವಾ?" ಎಂದೆ. ಹಿಂದೊಮ್ಮೆ ಅವಳಿಗೆ ಖುಷಿಯಾಗಲೆಂದು ಕಾಪುವಿನ ದೀಪಸ್ತಂಭದ ಹತ್ತಿರದಿಂದ ಒಂದು ಕ್ಯಾನು ಕಡಲ ನೀರು ತುಂಬಿಸಿಕೊಂಡು ಹೋದ ಬುದ್ಧಿವಂತ ನಾನೇ. ದಡದ ನೀರಿನಲ್ಲಿ ದೋಣಿಯ ಎಣ್ಣೆಯಿಂದ ಹಿಡಿದು ಎಲ್ಲವೂ ಇರುತ್ತದೆ ಎಂದು ಅಕ್ಕ ಅದನ್ನು ತೆಂಗಿನ ಬುಡಕ್ಕೆ ಹೊಯ್ದಿದ್ದಳು.

ಮೊದಮೊದಲು ಎಲ್ಲ ಸಲೀಸಾಗಿತ್ತು. ಬೆಳಿಗ್ಗೆ ನೀರು ಹಾಕಿ ಕೆಲಸಕ್ಕೆ ಹೋಗುವುದು, ಸಂಜೆ ಬಂದು ವಿಡಿಯೋ ಕಾಲಿನಲ್ಲಿ ಅಕ್ಕನಿಗೆ ಹವಳ ತೋರಿಸುವುದು. ಅವಳು ನನ್ನ ಮುಖ ನೋಡುತ್ತಲೇ ಇರಲಿಲ್ಲ. "ನಿನ್ನ ತಲೆ ಅಡ್ಡ ಬರ್ತದೆ, ಆಚೆ ಸರಿ" ಎನ್ನುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಒಂದು ವಿಷಯ ಗಮನಿಸಿದೆ. ನೀರು ಗೆರೆಯಿಂದ ಕೆಳಗೆ ಇಳಿಯುವುದೇ ನಿಂತಿತ್ತು. ಹೊರಗೆ ಕಾಗೆಗಳೂ ಬಾಯಿ ತೆರೆದು ಕೂರುವಂಥ ಸೆಕೆ. ನಾನಾದರೋ, ಮುಚ್ಚಳವನ್ನು ಸರಿಯಾಗಿ ಕೂರಿಸಿದ್ದೇನೆ, ಅದರ ಫಲ ಇದು ಎಂದು ಬೀಗಿದೆ. ಇನ್ನೊಬ್ಬರ ಕರಡಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುವ ಕಣ್ಣು ಇದು.

ಆಮೇಲೆ ಹವಳ ಮುದುಡಿತು. ಮೊದಲ ದಿನ ಅರ್ಧ ಅರಳಿ ನಿಂತಿತು. ಮರುದಿನ ಬೆಳಕು ಹಾಕಿದರೂ ಮುಷ್ಟಿ ಬಿಚ್ಚಲಿಲ್ಲ. ಬೆರಳಿನಂಥ ಹವಳ ಬಾಡಿದ ಬಸಳೆಯಂತೆ ಒಂದು ಕಡೆಗೆ ವಾಲಿತು. ಉಪ್ಪು ಅಳೆಯುವ ಕೊಳವೆಯಲ್ಲಿ ನೋಡಿದೆ, ಸರಿಯಾಗಿತ್ತು. ನೀರು ತಿಳಿಯಾಗಿತ್ತು. ಮೀನುಗಳಂತೂ ಮದುವೆಮನೆಗೆ ಬಂದವರ ಹಾಗೆ ಸುತ್ತುತ್ತಿದ್ದವು. ನನಗೆ ತಲೆ ಬುಡ ಅರ್ಥವಾಗಲಿಲ್ಲ. ಸಂಜೆ ಫೋನು ಬಂದಾಗ ನೆಟ್‌ವರ್ಕ್ ಇಲ್ಲ ಎಂದೆ. ಮರುದಿನ ಕರೆಂಟಿಲ್ಲ ಎಂದೆ. ಇನ್ನೊಂದು ದಿನ ಹಳೆಯ ಫೋಟೋ ಒಂದನ್ನು ಕಳಿಸಿ ತಪ್ಪಿಸಿಕೊಂಡೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವಳಿಗೆ ಹೇಗೆ ಹೇಳಲಿ? ಮುದ್ರಣಾಲಯದಲ್ಲಿ ಕುಳಿತರೆ ಅಕ್ಷರಗಳೆಲ್ಲ ಮುದುಡಿದ ಹಾಗೆ ಕಾಣುತ್ತಿದ್ದವು. ನಿಜವಾಗಿ ಹೆದರಿದ್ದೆ. ಡಬ್ಬದೊಳಗಿನ ಒಂದು ಹೂವಿಗೆ ಗಂಡಸೊಬ್ಬ ಇಷ್ಟು ಹೆದರುವುದುಂಟೇ ಎಂದು ನಿಮಗೆ ಅನಿಸಬಹುದು. ನನಗೂ ಅನಿಸುತ್ತಿತ್ತು, ಆದರೆ ಹೆದರಿಕೆ ಹೋಗುತ್ತಿರಲಿಲ್ಲ.

ಒಂದು ಸಂಜೆ ಸಿಗಡಿ ಕಲ್ಲಿನ ಬುಡದಲ್ಲಿ ಬಿಳುಚಿ ಬಿದ್ದಿತ್ತು. ಇನ್ನು ಸುಳ್ಳು ಸಾಗದೆಂದು ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, "ಮೀನು ಹೇಗುಂಟು?"

"ಮೀನು ಆರಾಮ."

"ನೀರು ಗೆರೆಯಿಂದ ಇಳೀತದಾ?"

"ಇಲ್ಲವೇ ಇಲ್ಲ" ಎಂದೆ, ಅಷ್ಟಾದರೂ ಹೆಮ್ಮೆಯಿಂದ.

"ಈ ಸೆಕೆಗೆ ಇಳಿಯದೆ ಇರ್ತದಾ? ನೀನು ಹೋದ ಮೇಲೆ ಮಧ್ಯಾಹ್ನ ಯಾರೋ ತುಂಬಿಸ್ತಾ ಇದ್ದಾರೆ. ಸಿಗಡಿ ಸತ್ತು, ಹವಳ ಮುದುಡಿ, ಮೀನು ಮಾತ್ರ ಆರಾಮ ಉಂಟು ಅಂದರೆ ಅದು ತಾಮ್ರ. ಮೀನು ತಡ್ಕೊಳ್ತದೆ, ಇವು ತಡ್ಕೊಳ್ಳುವುದಿಲ್ಲ. ಅತ್ತೆ ಕೊಡಪಾನದ ನೀರು ಹಾಕಿದ್ದಾರೆ."

"ತಾಮ್ರವಾ? ಕೊಡಪಾನದ್ದಾ?" ಎಂದು ಕೂಗಿಬಿಟ್ಟೆ. ನಮ್ಮ ಮನೆಯವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಬೊಬ್ಬೆ ಹಾಕಬೇಡ. ಅವರಿಗೆ ಹೇಳಬೇಡ."

"ಯಾಕೆ ಹೇಳಬಾರದು? ಇಷ್ಟು ವರ್ಷದ ನಿನ್ನ..."

"ಆ ನೀರು ಅವರು ನನಗೆ ಇಷ್ಟರವರೆಗೆ ಒಂದು ಲೋಟ ಕೊಟ್ಟವರಲ್ಲ" ಎಂದಳು ಅಕ್ಕ. "ನನ್ನ ಹವಳಕ್ಕೆ ಕೊಟ್ಟಿದ್ದಾರೆ. ನೀನು ಸುಮ್ಮನಿರು."

ನಾನು ಸುಮ್ಮನಾದೆ. ಅಕ್ಕ ಸುಮ್ಮನಾಗಲಿಲ್ಲ. ಸ್ಟೋರ್‌ರೂಮಿನಲ್ಲಿ ಮುಚ್ಚಿಟ್ಟ ಬಕೆಟಿನಲ್ಲಿ ಉಪ್ಪು ಬೆರೆಸಿದ ನೀರು ತಯಾರಿದೆ, ಹಳೆ ನೀರನ್ನು ಮಗ್ಗಿನಿಂದ ತೆಗೆ, ಹೊಸದನ್ನು ಮೆಲ್ಲಗೆ ಹಾಕು, ಒಮ್ಮೆಗೇ ಬೇಡ, ಇದ್ದಿಲ ಪುಡಿಯ ಚೀಲವನ್ನು ನೀರು ಹರಿಯುವಲ್ಲಿ ಕಟ್ಟು, ನಾಳೆ ಮತ್ತೆ ಹೀಗೇ ಮಾಡು, ನಾಡಿದ್ದೂ ಎಂದು ಹೇಳುತ್ತಲೇ ಹೋದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಾನು ನೀರು ಮೊಗೆಯುತ್ತಿದ್ದೆ. ಅರ್ಧ ನೀರು ನನ್ನ ಪ್ಯಾಂಟಿಗೇ ಹೋಯಿತು.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಎಂತ ಮಾಡ್ತಾ ಇದ್ದಿ?"

"ನೀರು ಬದಲಿಸುವುದು, ಅತ್ತೆ. ಸೆಕೆಗೆ ಹಾಳಾಗಿದೆ."

"ಸೆಕೆಗಾ?"

"ಹೌದು. ಸೆಕೆ ಸ್ವಲ್ಪ ಜಾಸ್ತಿಯೇ ಅಲ್ವಾ ಈ ವರ್ಷ."

ಅವರು ಮುದುಡಿದ ಹವಳವನ್ನು ನೋಡಿದರು, ನನ್ನ ಒದ್ದೆ ಪ್ಯಾಂಟನ್ನು ನೋಡಿದರು, ಒಳಗೆ ಹೋದರು. ಮರುದಿನ ಎದ್ದು ನೋಡಿದರೆ ಕಿಟಕಿಯ ಕೆಳಗೆ ಕೊಡಪಾನ ಇರಲಿಲ್ಲ. ದೇವರ ಕೋಣೆಯ ಮೂಲೆ ಸೇರಿತ್ತು. ಊಟಕ್ಕೆ ಬಡಿಸುವಾಗ ಕೇಳಿದರು, "ಅದು ಬದುಕ್ತದಾ?" ನನಗೆ ಗೊತ್ತಿಲ್ಲ ಎಂದೆ. ಆ ಉತ್ತರ ಕೇಳಿ ಅವರು ತಾವು ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟು ಎದ್ದರು.

ಆ ದಿನಗಳು ಮುಗಿಯುವಂತೆಯೇ ಇರಲಿಲ್ಲ. ಬೆರಳಿನ ಹವಳ ಕರಗಿ ಹೋಯಿತು. ಹಸಿರು ಹೂಗಳಲ್ಲಿ ಹೆಚ್ಚಿನವು ಕಲ್ಲಿನಿಂದ ಕಳಚಿಕೊಂಡವು. ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆ ಟ್ಯಾಂಕಿನ ಎದುರು ಮಣೆ ಹಾಕಿಕೊಂಡು ಕೂರುತ್ತಾರೆ ಎಂದು ತಿಳಿದದ್ದು, ಒಂದು ಸಂಜೆ ಆ ಮಣೆಗೆ ನಾನು ಎಡವಿದಾಗ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಕರೆದರು, "ಬಾ ಮಾರಾಯ ಇಲ್ಲಿ, ಬೇಗ." ಬಾಯಲ್ಲಿ ಪೇಸ್ಟ್ ಇದ್ದಂತೆಯೇ ಓಡಿದೆ. ಕಲ್ಲಿನ ಹಿಂದೆ, ಹೆಸರುಕಾಳಿನಷ್ಟು ದೊಡ್ಡದೊಂದು ಹೂ ಬಾಯಿ ಬಿಟ್ಟಿತ್ತು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಉಸಿರು ತಾಗಿದರೆ ಮುಚ್ಚಿಕೊಂಡೀತು ಎಂಬ ಹೆದರಿಕೆ ಇಬ್ಬರಿಗೂ.

ಅಕ್ಕ ಮರಳಿದ ದಿನ ಆಟೋದಿಂದ ಇಳಿದವಳೇ ಸೀದಾ ಅಡುಗೆಮನೆಗೆ ಹೋಗಿ ಕಿಟಕಿಗೆ ಬಗ್ಗಿದಳು. ಬೋಳಾದ ಕಲ್ಲನ್ನು ನೋಡಿ ಅವಳ ಮುಖ ಇಳಿಯಿತು. ಅವಳು ಏನಾದರೂ ಹೇಳುವ ಮೊದಲೇ ಹಿಂದಿನಿಂದ ಅತ್ತೆ ಹೇಳಿದರು: "ಅದನ್ನು ಕೊಂದದ್ದು ನಾನು. ಇವನು ಸೆಕೆ ಅಂತ ಹೇಳಿದ. ನನಗೆ ಕಿವಿ ಸರಿ ಉಂಟು. ಗೆರೆಗಿಂತ ನೀರು ಕೆಳಗೆ ಹೋಗಿತ್ತು. ನೀನು ಅಲ್ಲಿ ಮಲಗಿದ್ದಿ, ಇಲ್ಲಿ ಇದು ಬಾಯಾರಿ ಸಾಯುವುದು ಬೇಡ ಅಂತ, ಇದ್ದದ್ದರಲ್ಲಿ ಒಳ್ಳೆ ನೀರು ಹಾಕಿದೆ."

"ನನಗೆ ಗೊತ್ತು ಅತ್ತೆ" ಎಂದಳು ಅಕ್ಕ.

ಅತ್ತೆ ದೇವರ ಕೋಣೆಗೆ ಹೋದರು. ಬರುವಾಗ ಒಂದು ಕೈಯಲ್ಲಿ ಬೆಲ್ಲದ ತುಂಡು, ಇನ್ನೊಂದರಲ್ಲಿ ಲೋಟ. "ಕಾರ್ಕಳದಿಂದ ಬಿಸಿಲಲ್ಲಿ ಬಂದಿದ್ದಿ. ಇದು ಅದಕ್ಕೆ ಆಗುವುದಿಲ್ಲವಂತೆ. ನಿನಗೆ ಆಗ್ತದಲ್ಲ? ಕುಡಿ."

ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಕುಡಿದು ಮುಗಿಸಲು ತುಂಬ ಹೊತ್ತು ತೆಗೆದುಕೊಂಡಳು. ನಾನು ಕಣ್ಣಿಗೆ ಏನೋ ಬಿತ್ತು ಎಂದು ಹೇಳಿ ಅಂಗಳಕ್ಕೆ ಹೋದೆ. ಏನೂ ಬಿದ್ದಿರಲಿಲ್ಲ, ಅಳು ಬಂದಿತ್ತು.

ಕಳೆದ ಭಾನುವಾರ ನಾನು ಕುರ್ಚಿ ಎಳೆದು ಕುಳಿತು ನೋಡುತ್ತಿದ್ದದ್ದು ಆ ಹೆಸರುಕಾಳಿನ ಸಂತಾನವನ್ನು. ಈಗ ಕಲ್ಲು ಕಾಣದಷ್ಟು ಹಬ್ಬಿದೆ. ಹೊಸ ಸಿಗಡಿಯೂ ಬಂದಿದೆ. ಅಷ್ಟರಲ್ಲಿ ಅತ್ತೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಕ್ಯಾನಿನ ನೀರು ಹಿಡಿದು ಬಂದರು. ಕೆಂಪು ಗೆರೆಗೆ ಕಣ್ಣು ನೇರ ಮಾಡಿಕೊಂಡು ತೊಟ್ಟುತೊಟ್ಟಾಗಿ ಹೊಯ್ದರು.

"ಮಗ್ಗು ಹಿಡಿಯಲಿಕ್ಕೆ ಉಂಗುರ ತೆಗೆಯುವುದು ಬೇಡ ಅಂತ ಎಷ್ಟು ಸಲ ಹೇಳಿದೆ, ಅತ್ತೆ" ಎಂದಳು ಒಲೆಯ ಹತ್ತಿರದಿಂದ ಅಕ್ಕ.

"ನಿನಗೆ ಗೊತ್ತಿಲ್ಲ, ಸುಮ್ಮನಿರು" ಎಂದರು ಅತ್ತೆ. ಕೈ ಒರೆಸಿಕೊಂಡು ಉಂಗುರವನ್ನು ಮತ್ತೆ ಬೆರಳಿಗೆ ಏರಿಸಿಕೊಂಡರು.

ಬಿಸಿಲಲ್ಲಿ ಬಂದಿದ್ದ ನನಗೆ ಬಾಯಾರಿತ್ತು. ಹಳೆಯ ರೂಢಿಯಂತೆ ದೇವರ ಕೋಣೆಯ ಕಡೆಗೆ ನೋಡುತ್ತ ನೀರು ಕೇಳಿದೆ. ಅತ್ತೆ ಹೋಗಿ ಕೊಡಪಾನವನ್ನು ಓರೆ ಮಾಡಿ ಒಳಗೆ ಇಣುಕಿ ಬಂದರು. "ಒಂದೇ ಲೋಟ ಉಂಟು. ಅದು ಅವಳಿಗೆ. ನೀನು ಕ್ಯಾನಿನದ್ದು ಕುಡಿ" ಎಂದು ಅದೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಬೆಲ್ಲವೂ ಇರಲಿಲ್ಲ. ಹವಳ ಕುಡಿಯುವ ನೀರು ಅದು, ಒಂದು ಚೂರೂ ರುಚಿಯಿಲ್ಲ. ನಾನು ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದೆ.